ಯಮುನಮ್ಮನ ಹಲ್ಲು

ಮೆಣಸೆಯ ಯಜ್ಞೇಶನಿಗೆ ಆ ದಿನ ಒದಗಿದ ಕಷ್ಟವೆಲ್ಲ ಒಂದು ಹೊಗಳಿಕೆಯಿಂದ ಶುರುವಾಯಿತು. ಬೈಗುಳವಾಗಿದ್ದರೆ ಹೇಗೋ ನಿಭಾಯಿಸುತ್ತಿದ್ದ, ಅದು ಅವನಿಗೆ ರೂಢಿಯಿತ್ತು. ಹೊಗಳಿಕೆಗೆ ಮಾತ್ರ ಅವನ ಮೈ ಇನ್ನೂ ಒಗ್ಗಿರಲಿಲ್ಲ.

ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ ಹಾಕಿಕೊಳ್ಳುವಾಗ ಫೋನ್ ಬಂತು.

"ಯಜ್ಞೇಶ್, ನಾನು ಶ್ರೀವಾಣಿ ಮಾತಾಡ್ತಾ ಇರೋದು. ಈಗ ಎನ್.ಆರ್. ಪುರದಲ್ಲಿ ತಿಂಡಿ ತಿಂತಾ ಇದ್ದೀನಿ. ನಿಮ್ಮ ಕೆಲಸ ನೋಡಿ ಸಂಸ್ಥೆಯಲ್ಲಿ ಎಲ್ಲರಿಗೂ ಆಶ್ಚರ್ಯ. ಇಷ್ಟು ಚೆನ್ನಾಗಿ ಬೇರೆ ಯಾರೂ ಮಾಡಿಲ್ಲ. ನೀವು ದನಿ ತಗೊಂಡ್ರಲ್ಲ, ಆ ಹನ್ನೆರಡು ಜನರನ್ನ ಒಮ್ಮೆ ಕಣ್ಣಾರೆ ನೋಡ್ಲೇಬೇಕು ಅನ್ನಿಸ್ತು. ಕೊಪ್ಪದ ಮೇಲೆ ಬಂದು ಹತ್ತು, ಹತ್ತೂವರೆಗೆ ನಿಮ್ಮೂರಲ್ಲಿರ್ತೀನಿ."

ಬೆಲ್ಲ ಲುಂಗಿಯ ಮೇಲೆ ಸುರಿಯಿತು.

"ಯಾರಾ ಅದು?" ಒಳಗಿನಿಂದ ತಾಯಿ ಶಾಂಭವಿ ಕೇಳಿದಳು.

"ಆಫೀಸಿನವರು."

ಮಗ ಮಳೆ ಆಫೀಸಿನಲ್ಲಿದ್ದಾನೆ ಎಂದು ಶಾಂಭವಿ ಊರಿಗೆಲ್ಲ ಹೇಳಿಟ್ಟಿದ್ದಳು. ಅದರ ನಿಜವಾದ ಹೆಸರು 'ಎಐ ಪಕ್ಷಪಾತ, ಹವಾಮಾನ ಬದಲಾವಣೆ ಮತ್ತು ಸಾಮಾಜಿಕ ಸಮಾನತೆ ಕುರಿತ ಸಂಶೋಧನಾ ಇಂಟರ್ನ್‌ಶಿಪ್'. ಅಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಬೇಲಿಯ ದಣಪೆ ದಾಟಿ ಹೋಗಿರುತ್ತಿದ್ದರು. ಹಾಗಾಗಿ ಮಳೆ ಆಫೀಸೇ ಗಟ್ಟಿಯಾಯಿತು.

ಕೆಲಸವೇನೋ ಒಳ್ಳೆಯದೇ. ಬೆಂಗಳೂರಿನ ಆ ಸಂಸ್ಥೆಯವರು 'ಮುಗಿಲು' ಎಂಬ ಆ್ಯಪ್ ಮಾಡಿದ್ದರು. ಮಳೆ ಬರುತ್ತದೆಯೇ ಎಂದು ಬಾಯಲ್ಲಿ ಕೇಳಿದರೆ ಅದು ಬಾಯಲ್ಲೇ ಉತ್ತರ ಹೇಳಬೇಕು. ಅಡಿಕೆ ಒಣಗಿಸುವ ತಿಂಗಳಲ್ಲೂ ಮಳೆ ಹೊತ್ತುಗೊತ್ತಿಲ್ಲದೆ ಬರುವ ಈ ಕಾಲದಲ್ಲಿ ಅದು ದೊಡ್ಡ ಉಪಕಾರವೇ. ಆದರೆ ಯಂತ್ರಕ್ಕೊಂದು ಕಾಯಿಲೆ ಇತ್ತು. ಪೇಟೆಯಲ್ಲಿ ಓದಿದವರ ಮಾತು ಅದಕ್ಕೆ ಪೂರ್ತಿ ತಿಳಿಯುತ್ತಿತ್ತು, ಹಳ್ಳಿಯವರದ್ದು ಅರ್ಧ. ಯಜಮಾನರದ್ದು ತಿಳಿಯುತ್ತಿತ್ತು, ಕೂಲಿಯವರದ್ದಕ್ಕೆ ಕಿವುಡು. ಇದೇ ಪಕ್ಷಪಾತ. ಬಾಳಗಡಿಯ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದ ಯಜ್ಞೇಶನ ಪಾಲಿಗೆ ಬಂದದ್ದು ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಈ ಮೂರು ತಾಲ್ಲೂಕು. ಬಗೆಬಗೆಯ ಹನ್ನೆರಡು ಜನ ಮಳೆಯ ಬಗ್ಗೆ ಕೇಳುವುದನ್ನು ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಆಮೇಲೆ ಸಿಗುವ ಸರ್ಟಿಫಿಕೇಟಿನ ಮೇಲೆ ಅವನ ಎಂ.ಎ. ಸೀಟು ನಿಂತಿತ್ತು.

ಯಜ್ಞೇಶ ಕೆಟ್ಟವನೇನಲ್ಲ. ಕೆಟ್ಟವನಾಗಲೂ ಸ್ವಲ್ಪ ಮೈ ಬಗ್ಗಿಸಬೇಕಾಗುತ್ತದೆ. ಮೊದಲ ದಿನ ಹುರುಪಿನಿಂದಲೇ ಕೊಪ್ಪದ ಸಂತೆಗೆ ಹೋಗಿ ಫೋನ್ ಚಾಚಿ "ನಿಮ್ಮ ದನಿ ಕೊಡಿ" ಎಂದ. ದನಿ ಕದ್ದು ಬ್ಯಾಂಕಿನ ದುಡ್ಡು ಎತ್ತುವವರ ಸುದ್ದಿ ಆಗಲೇ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿತ್ತು. ಸೊಪ್ಪು ಮಾರುವ ಹೆಂಗಸು ಬಾಯಿಗೆ ಸೆರಗು ಮುಚ್ಚಿಕೊಂಡಳು. ಪಕ್ಕದ ಬಾಳೆಹಣ್ಣಿನವನು ಒಂದು ಮಾತೂ ಆಡದೆ ಪೊಲೀಸ್ ಠಾಣೆಯ ಕಡೆ ಬೆರಳು ತೋರಿಸಿದ. ಮರುದಿನ ಎನ್.ಆರ್. ಪುರಕ್ಕೆ ಹೋದವನು ಇಳಿಯುವ ಧೈರ್ಯವಾಗದೆ ಅದೇ ಬಸ್ಸಿನಲ್ಲಿ ವಾಪಸು ಬಂದ.

ಆದರೆ ಅವನ ಕೈಯಲ್ಲಿ ಇನ್ನೊಂದು ವಿದ್ಯೆ ಇತ್ತು, ತಾಳಮದ್ದಳೆ. ಊರಿನ ಕೂಟದಲ್ಲಿ ಅರ್ಥ ಹೇಳುವವರು ಯಾರಾದರೂ ಕೈಕೊಟ್ಟರೆ ಅವರ ಪಾತ್ರವೂ ಇವನ ತಲೆಗೇ. ರಾಜನಾಗಿ ಅಪ್ಪಣೆ ಕೊಟ್ಟು, ದೂತನಾಗಿ ಅದನ್ನು ಕೇಳಿಸಿಕೊಂಡು, ರಾಣಿಯಾಗಿ ಅತ್ತದ್ದೂ ಉಂಟು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ದನಿ ಬದಲಿಸಿದರಾಯಿತು. ಆ ಧೈರ್ಯದ ಮೇಲೆ ಕಡೆಯ ದಿನ ಅಟ್ಟ ಹತ್ತಿ, ಕಂಬಳಿ ಮುಸುಕಿಕೊಂಡು, ಹನ್ನೆರಡೂ ಜನ ತಾನೇ ಆಗಿಬಿಟ್ಟ.

ಹೊಸ ಹೆಸರು ಕಟ್ಟಲೂ ಬೇಸರವಾಗಿ ನೆರೆಕರೆಯವರ ಹೆಸರನ್ನೇ ಹಾಕಿ, ನಾಲ್ಕು ಜನರಿಗೆ ಮಾತ್ರ ಕೊಪ್ಪ, ಎನ್.ಆರ್. ಪುರದ ವಿಳಾಸ ಬರೆದ. ದನಿಗಳಿಗೆ ಒಂದಿಷ್ಟು ಉಪ್ಪುಖಾರವನ್ನೂ ಸೇರಿಸಿದ. ಪಕ್ಕದ ಮನೆಯ ಯಮುನಮ್ಮನನ್ನು ಬೊಚ್ಚುಬಾಯಿಯ ಮುದುಕಿ ಮಾಡಿದ. ಯಮುನಮ್ಮನ ಹಲ್ಲು ಒಂದೂ ಅಲುಗಿರಲಿಲ್ಲ, ಇವತ್ತಿಗೂ ಕಬ್ಬು ಸಿಗಿದು ತಿನ್ನುವ ಹೆಂಗಸು ಅವಳು. ಆದರೆ ಬೊಚ್ಚುಬಾಯಿ ಮಾಡಿದಾಗ ಅವನಿಗೇ ನಗು ಬಂತು. ಕಂಬಳಿಯೊಳಗೆ ಒಬ್ಬನೇ ಬಿದ್ದು ಬಿದ್ದು ನಕ್ಕ.

ಅವನು ಚಿಕ್ಕವನಿದ್ದಾಗ ಹಳ್ಳ ತುಂಬಿದ ದಿನಗಳಲ್ಲಿ ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸುತ್ತಿದ್ದವಳು ಆ ಯಮುನಮ್ಮನೇ. ಅದು ಕಂಬಳಿಯೊಳಗೆ ನೆನಪಾಗಲಿಲ್ಲ. ಈಗ, ಲುಂಗಿಯ ಮೇಲಿನ ಬೆಲ್ಲ ಒರೆಸುವಾಗ ನೆನಪಾಯಿತು, ಕಿವಿಯವರೆಗೆ ಮುಖ ಕಾಯಿತು.

"ಅಮ್ಮ, ನಾನು ಕಾಲೇಜಿಗೆ ಹೋಗಿ ಬತ್ತೆ."

"ಇವತ್ತು ಭಾನುವಾರ."

"ಆದ್ರೂ ಹೋಗಿ ಬತ್ತೆ."

ಬಸ್ಸಿಗೆ ಕಾಯುವಲ್ಲಿ ಗಜಾನನ ಮಾವ ನಿಂತಿದ್ದರು. ಊರಿನ ತಾಳಮದ್ದಳೆ ಕೂಟಕ್ಕೆ ಅವರೇ ಹಿರಿಯರು. ಸೊಸೈಟಿಯ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಸ್ವಂತದ್ದೆಂಬ ಕೆಲಸವಿರಲಿಲ್ಲ. ಊರಿನವರದ್ದೇ ಸಾಕಷ್ಟು ಇತ್ತು.

"ಎಂತ ಮಾಣಿ, ಅಂಗಿ ಗುಂಡಿ ಮೇಲೆ ಕೆಳಗೆ ಹಾಕ್ಕಂಡು ಎತ್ಲಾಗೆ ಹೊರಟೆ?"

"ಕೊಪ್ಪಕ್ಕೆ, ಮಾವ."

"ಕೊಪ್ಪಕ್ಕೆ ಹೋಗೋನು ಆ ಬದಿಗೆ ನಿಲ್ಬೇಕು ಮಾರಾಯ. ಇದು ಶೃಂಗೇರಿಗೆ ಹೋಗೋ ಬದಿ."

ಅಷ್ಟಕ್ಕೇ ಯಜ್ಞೇಶನ ಕಟ್ಟೆ ಒಡೆಯಿತು. ಸಂತೆ, ಕಂಬಳಿ, ಹನ್ನೆರಡು ದನಿ, ಬರುತ್ತಿರುವ ಮೇಡಂ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಗಜಾನನ ಮಾವ ಛೀಮಾರಿ ಹಾಕುತ್ತಾರೆಂದು ಕಾದ. ಅವರ ಕಣ್ಣು ಮಿನುಗಿತು.

"ಹನ್ನೆರಡೂ ಒಬ್ನೇ ಮಾಡ್ದೆಯಾ? ಉಸಿರು ಕಟ್ಟಲಿಲ್ವನಾ?"

"ಕಂಬಳಿ ಒಳಗೆ ಸ್ವಲ್ಪ ಕಟ್ತು."

"ನಂದೂ ಮಾಡಿದೀಯನಾ?"

ಯಜ್ಞೇಶ ಬಾರದ ಬಸ್ಸಿನ ಕಡೆ ನೋಡಿದ. ಗಜಾನನ ಮಾವನನ್ನು ಅವನು ಮೂಗಿನ ತುಂಬ ನಶ್ಯ ಏರಿಸಿಕೊಂಡವರ ಹಾಗೆ ಮಾಡಿದ್ದ, ಕೊನೆಗೊಂದು ಸೀನನ್ನೂ ಇಟ್ಟಿದ್ದ.

"ಇಲ್ಲ ಮಾವ. ನಿಮ್ಮದು ಮಾಡಕ್ಕೆ ಯಾರಿಗೆ ಬತ್ತದೆ."

"ಅದು ಹೌದು" ಎಂದು ಅವರು ತೃಪ್ತರಾದರು.

"ನಾನು ನಿಜ ಹೇಳ್ಬಿಡ್ತೀನಿ ಮಾವ. ಬಂದ ಕೂಡ್ಲೆ ಹೇಳ್ಬಿಡ್ತೀನಿ."

"ತಲೆ ನೆಟ್ಟಗಿದ್ಯಾ ನಿಂಗೆ? ಒಬ್ಬ ಹೆಣ್ಣುಮಗಳು ಬೆಂಗಳೂರಿಂದ ಇಲ್ಲಿವರೆಗೆ ಬಂದಿರ್ತಾಳೆ. ಮನೆ ಬಾಗಿಲಿಗೆ ಬಂದವರಿಗೆ ಮುಖಕ್ಕೆ ಹೊಡೆದಂಗೆ ನಿಜ ಹೇಳ್ತಾರನಾ? ನಮ್ಮ ಕಡೆ ಅಂಥ ಪದ್ಧತಿ ಇಲ್ಲ. ನಡಿ, ಎಲ್ಲ ನಾನು ನೋಡ್ಕಂತೆ."

ಅವರು ನೋಡಿಕೊಂಡ ಮೇಲೆ ನೆಟ್ಟಗಾದ ಕೆಲಸ ಊರಿನಲ್ಲಿ ಯಾವುದೂ ಇರಲಿಲ್ಲ. ಆದರೂ ಯಜ್ಞೇಶ ಹಿಂದೆ ಹಿಂದೆ ಹೋದ, ಮುಂದೆ ಹೋಗುವ ಮುಖ ಅವನಿಗಿರಲಿಲ್ಲ.

ಅವತ್ತು ಯಮುನಮ್ಮನ ಗಂಡ ಪುಟ್ಟಪ್ಪನ ಅಂಗಳದಲ್ಲಿ ಅಡಿಕೆ ಸುಲಿಯುವ ಮುಯ್ಯಿ. ಇವತ್ತು ಇವರ ಮನೆಯ ಕೆಲಸಕ್ಕೆ ಅವರು, ನಾಳೆ ಅವರ ಮನೆಗೆ ಇವರು. ಹಾಗಾಗಿ ಊರಿನ ಮುಖಗಳೆಲ್ಲ ಅಲ್ಲೇ ಮೆಟ್ಟುಗತ್ತಿಯ ಮುಂದೆ ಕೂತಿದ್ದವು. ಅಂಗಳದ ಅರ್ಧಕ್ಕೆ ಬೇಯಿಸಿದ ಅಡಿಕೆ ಹರವಿತ್ತು. ಗಜಾನನ ಮಾವ ನಡುವೆ ನಿಂತು ಪ್ರಸಂಗ ಪೀಠಿಕೆ ಹಾಕುವ ಗತ್ತಿನಲ್ಲಿ ಎಲ್ಲ ಹೇಳಿದರು. "ಮೇಡಂ ಒಂದೊಂದೇ ದನಿ ಕೇಳಿಸ್ತಾರೆ. ನಿಮ್ಮ ಹೆಸರು ಹೇಳಿದ್ರೆ ಹೌದು, ನಂದೇ ಅನ್ನಿ. ಅಷ್ಟೇ. ಮಾಣಿ ಮರ್ಯಾದೆ ನಮ್ಮ ಕೈಲಿದೆ."

"ಅಷ್ಟೇನಾ?" ಎಂದ ಪುಟ್ಟಪ್ಪ. "ಒಂದು ಹೌದು ಅಂದ್ರೆ ನಮ್ಮ ಗಂಟೇನು ಹೋತದೆ."

ಯಮುನಮ್ಮ ಸುಲಿಯುತ್ತಿದ್ದ ಕಾಯಿ ಕೆಳಗಿಟ್ಟು ಯಜ್ಞೇಶನ ಕಡೆ ತಿರುಗಿದಳು. "ನಂದೂ ಮಾಡಿದೀಯನಾ ಮಾಣಿ? ಚೆನ್ನಾಗಿ ಬಂದದಾ?"

ಅವಳ ಮುಖದಲ್ಲಿ ಫೋಟೋ ತೆಗೆಸಿಕೊಂಡವರ ಸಣ್ಣ ಹೆಮ್ಮೆಯಿತ್ತು. ಯಜ್ಞೇಶ ಅಂಗಿಯ ಕಾಲರಿನೊಳಗೆ "ಹ್ಞೂಂ" ಎಂದ.

ಶ್ರೀವಾಣಿ ಮೇಡಂ ಬಂದರು. ಸಿಡುಕಿನವರೋ ಜಂಬದವರೋ ಆಗಿದ್ದರೆ ಅವನ ಸಂಕಟ ಅರ್ಧ ಇಳಿಯುತ್ತಿತ್ತು. ಅವರು ಚಪ್ಪಲಿಯನ್ನು ದೂರ ಬಿಟ್ಟು, ಅಡಿಕೆ ತುಳಿಯದಂತೆ ಬಳಸಿಕೊಂಡು ಬಂದು, ಒಬ್ಬೊಬ್ಬರಿಗೂ ಕೈಮುಗಿದು, ಸುಲಿಯುವವರ ಸಾಲಿನಲ್ಲಿ ನೆಲದ ಮೇಲೇ ಕೂತರು. ಅವರಲ್ಲಿ ಏನಾದರೊಂದು ಕೊಂಕು ಸಿಗಬಹುದೇ ಎಂದು ಯಜ್ಞೇಶ ಬಹಳ ಹುಡುಕಿದ, ಸಿಗಲಿಲ್ಲ.

"ಮೇಡಂ, ಒಂದು ವಿಷಯ ಹೇಳ್ಬೇಕಿತ್ತು" ಎಂದ.

"ಮೊದ್ಲು ಕಾಫಿ" ಎಂದು ಗಜಾನನ ಮಾವ ಅವನನ್ನು ಬದಿಗೆ ಸರಿಸಿ ಲೋಟ ಮುಂದೆ ಮಾಡಿದರು.

ಕಾಫಿ ಕುಡಿಯುತ್ತ ಮೇಡಂ ತಾವು ಬಂದ ಕಾರಣ ವಿವರಿಸಿದರು. "ಬೇರೆ ಕಡೆ ಎಲ್ಲ ಯಂತ್ರ ಒಬ್ಬರಿಗೊಂದು ಥರ ನಡ್ಕೊಂಡಿದೆ. ಯಜಮಾನರ ಮಾತು ಅರ್ಥ ಆಗಿದೆ, ಕೆಲಸದವರದ್ದು ಆಗಿಲ್ಲ. ನಿಮ್ಮಲ್ಲಿ ಮಾತ್ರ ಹನ್ನೆರಡು ಜನರಿಗೂ ಒಂದೇ ಅಂಕ. ಗಂಡಸರು, ಹೆಂಗಸರು, ಇರುವವರು, ಇಲ್ಲದವರು, ಯಾರಿಗೂ ಒಂದು ಕೂದಲಷ್ಟು ಭೇದ ಇಲ್ಲ. ನಾವು ಪುಸ್ತಕದಲ್ಲಷ್ಟೇ ಓದಿದ ಸಮಾನತೆ ನಿಮ್ಮೂರಲ್ಲಿದೆ."

ಅಂಗಳದಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಲಿಯ ಜಗಳದಲ್ಲಿ ಹೋದ ವಾರವಷ್ಟೇ ಮಾತು ಬಿಟ್ಟಿದ್ದ ಇಬ್ಬರು ತುಸು ಹತ್ತಿರ ಸರಿದು ಕೂತರು.

"ಕೊಪ್ಪದವರು ಇಬ್ಬರು, ಎನ್.ಆರ್. ಪುರದವರು ಇಬ್ಬರು ಇದ್ದಾರಲ್ಲ, ಅವರೂ ಬರ್ತಾರಾ?"

ಯಜ್ಞೇಶ ಮಾವನ ಕಡೆ ನೋಡಿದ. ಗಜಾನನ ಮಾವ ತಡಮಾಡಲಿಲ್ಲ. "ಕೊಪ್ಪದವರು ಮದುವೆಗೆ ಹೋಗಿದಾರೆ. ಎನ್.ಆರ್. ಪುರದವರೂ ಅದೇ ಮದುವೆಗೆ ಬಂದಿದಾರೆ."

"ಹೌದಾ? ಮದುವೆ ಎಲ್ಲಿ?"

"ಅಡ್ಡಗದ್ದೆಲಿ."

"ಅಡ್ಡಗದ್ದೆ ಇಲ್ಲೇ ಹತ್ತಿರ ಅಲ್ವಾ? ಹಾಗಿದ್ರೆ ಅಲ್ಲಿಗೇ ಹೋಗಿಬಿಡೋಣ" ಎಂದು ಮೇಡಂ ಎದ್ದೇಬಿಟ್ಟರು.

"ಆ ಮದುವೆ ಮುರಿದು ಹೋತು" ಎಂದ ಪುಟ್ಟಪ್ಪ. ಸಹಾಯ ಮಾಡುವ ಅವಸರದಲ್ಲಿ ಅವನಿಗೆ ಹೊಳೆದದ್ದು ಅಷ್ಟೇ. ಮೇಡಂ ಪಾಪ, ಯಾರದೋ ಮುರಿದ ಮದುವೆಗೆ ಮರುಗುತ್ತ ಮತ್ತೆ ಕೂತರು. ಇಲ್ಲದ ಒಬ್ಬ ಹುಡುಗಿಯ ಮದುವೆಯೂ ತನ್ನಿಂದಾಗಿ ಮುರಿದುಬಿತ್ತಲ್ಲ ಎಂದು ಯಜ್ಞೇಶನಿಗೆ ಅನ್ನಿಸಿತು.

ಆಮೇಲೆ ಅವರು ಚೀಲದಿಂದ ಸಣ್ಣ ಸ್ಪೀಕರ್ ತೆಗೆದಿಟ್ಟರು. "ಮೊದಲು ಯಮುನಮ್ಮನವರದ್ದು. ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಇಷ್ಟವಾದ ದನಿ."

ಸ್ಪೀಕರ್ ಮಾತಾಡಿತು. "ಮಯೆ ಬತ್ತತಾ ಮಗಾ? ಅತಿಕೆ ಅಂಗಯತಲ್ಲೇ ಉಂತು." ಕೊನೆಯಲ್ಲಿ ಒಸಡು ಚಪ್ಪರಿಸಿದ ಸದ್ದು.

ಮೆಟ್ಟುಗತ್ತಿಗಳೆಲ್ಲ ಒಮ್ಮೆಗೇ ನಿಂತವು. ಪುಟ್ಟಪ್ಪ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಹೆಂಗಸಿನ ಹಲ್ಲೆಲ್ಲ ಎತ್ಲಾಗೆ ಹೋತು ಮಾರಾಯ."

ಯಮುನಮ್ಮ ನಗಲಿಲ್ಲ. ಬಾಯಿ ಮುಚ್ಚಿಕೊಂಡೇ, ನಾಲಿಗೆಯಿಂದ ತನ್ನ ಹಲ್ಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮುಟ್ಟಿ ನೋಡಿಕೊಂಡಳು. ಕೆನ್ನೆಯ ಒಳಗೆ ನಾಲಿಗೆ ಸರಿದದ್ದು ಯಜ್ಞೇಶನಿಗೆ ಕಂಡಿತು. ಅವಳು ಎದ್ದು ಬಂದು ಕಪಾಳಕ್ಕೆ ಬಾರಿಸಿದ್ದರೂ ಅವನು ಅಷ್ಟು ಕುಗ್ಗುತ್ತಿರಲಿಲ್ಲ.

"ಮೇಡಂ, ಅದು ಅವರಲ್ಲ" ಎಂದ. "ಅದು..."

"ನೀನು ಸುಮ್ನಿರು ಮಾಣಿ." ಯಮುನಮ್ಮ ಮೇಡಂ ಕಡೆ ತಿರುಗಿದಳು. "ಹೌದಮ್ಮ, ಅದು ನಾನೇ."

"ಆದ್ರೆ ಈಗ ನೀವು ಮಾತಾಡೋದು ಬೇರೆ ಥರ ಇದೆಯಲ್ಲ?"

"ಎದುರಿಗೆ ಮಾತಾಡುವಾಗ ಹಿಂಗೆ. ಫೋನು ಕಂಡ್ರೆ ನಂಗೆ ಬಾಯಿ ಒಳಗೆ ಎಳ್ಕಂತದೆ."

ಮೇಡಂ ಹುಬ್ಬೇರಿಸಿ, ತಮ್ಮ ಟ್ಯಾಬಿನಲ್ಲಿ ಸರಸರನೆ ಏನನ್ನೋ ಬರೆದುಕೊಂಡರು. ಯಂತ್ರದ ಮುಂದೆ ಮಲೆನಾಡಿನವರ ದನಿ ಬೇರೆಯಾಗುತ್ತದೆ ಎಂಬುದು ಸಂಶೋಧನೆಗೆ ಹೊಸ ವಿಷಯವಂತೆ.

ಮುಂದಿನದು ಪುಟ್ಟಪ್ಪನದು. ಅವನನ್ನು ಯಜ್ಞೇಶ ಏರಿನಲ್ಲಿ ಸ್ಟಾರ್ಟ್ ಆಗದ ಪಿಕಪ್ಪಿನ ಹಾಗೆ ಮಾಡಿದ್ದ; ಮೂರು ಸಲ ಗಂಟಲು ಕೆರೆದ ಮೇಲೆ ಒಂದು ಮಾತು. ಈಗ ಯಮುನಮ್ಮ ನಕ್ಕಳು, ಪುಟ್ಟಪ್ಪ ನಗಲಿಲ್ಲ. "ಹೌದು, ನಂದೇ ಅಂತ ಕಾಣ್ತದೆ" ಎಂದು ಮೀಸೆ ಒರೆಸಿಕೊಂಡ. ಕೊಟ್ಟ ಮಾತಿಗೆ ತಪ್ಪುವವನಲ್ಲ.

ಮೂರನೆಯದಕ್ಕೆ ಮೂಗಿನಿಂದ ಗೊಣಗೊಣ ಮಾತು ಹೊರಟು, ಕೊನೆಗೆ ಭಾರೀ ಸೀನೊಂದು ಸಿಡಿಯಿತು. "ಇದು ಗಜಾನನ ಅವರದ್ದು" ಎಂದರು ಮೇಡಂ.

ಗಜಾನನ ಮಾವನ ಮುಖ ನಿಧಾನಕ್ಕೆ ಕೆಂಪೇರಿತು. ಬಗ್ಗಿ ಯಜ್ಞೇಶನ ಕಿವಿಯಲ್ಲಿ "ನಂದು ಮಾಡಿಲ್ಲ ಅಂದಿದ್ದೆಯಲಾ" ಎಂದರು. "ನಾನು ನಶ್ಯ ಬಿಟ್ಟು ಎಷ್ಟು ಕಾಲ ಆತು." ನೆಟ್ಟಗೆ ನಿಂತು, ಕೂಟದಲ್ಲಿ ಹಾರ ಹಾಕಿಸಿಕೊಳ್ಳುವ ಗಾಂಭೀರ್ಯದಲ್ಲಿ, "ಹೌದು ಮೇಡಂ, ಅದು ನನ್ನದೇ ಕಂಠ" ಎಂದರು. ಪದ್ಧತಿ ಎಂದ ಮೇಲೆ ಮುಗಿಯಿತು, ತಾವೇ ಹಾಕಿಕೊಟ್ಟದ್ದು ಬೇರೆ.

ಹೀಗೆ ಒಬ್ಬೊಬ್ಬರೂ ತಮ್ಮದಲ್ಲದ ಅಣಕವನ್ನು ತಮ್ಮದೆಂದು ಒಪ್ಪಿಕೊಂಡರು. ಪ್ರತಿ ಹೌದಿಗೂ ಯಜ್ಞೇಶ ಒಂದೊಂದು ಅಂಗುಲ ಕುಸಿದ. ಇವರಲ್ಲಿ ಒಬ್ಬರಾದರೂ ಬೈಯಬಾರದೇ ಎಂದು ಅವನಿಗೆ ಅನ್ನಿಸತೊಡಗಿತು.

ಮೇಡಂ ಕೊನೆಯದಾಗಿ ಖುಷಿಯ ಸುದ್ದಿ ಹೊರತೆಗೆದರು. "ನಿಮ್ಮ ಈ ದನಿಗಳನ್ನೇ ಕೇಳಿಸಿ ಹೊಸ ಮುಗಿಲು ತಯಾರು ಮಾಡಿದ್ದೀವಿ. ಈ ಮೂರು ತಾಲ್ಲೂಕಿಗೆ ಅಂತಲೇ. ಇವತ್ತು ನಿಮ್ಮ ಫೋನಿಗೇ ಹಾಕಿಕೊಡ್ತೀನಿ." ಹೇಳಿದಂತೆ ಎಲ್ಲರ ಫೋನಿಗೂ ಹಾಕಿಕೊಟ್ಟರು.

ಹೊತ್ತೂ ಸರಿಯಾಗಿಯೇ ಕೂಡಿ ಬಂತು. ಊಟ ಮುಗಿಯುವಷ್ಟರಲ್ಲಿ ಬಿಸಿಲು ಹೋಗಿ, ಪಡುವಣದ ಗುಡ್ಡದ ಮೇಲೆ ಮೋಡ ಕಪ್ಪಿಟ್ಟಿತು. ಪುಟ್ಟಪ್ಪ ಅಂಗಳದ ಅಡಿಕೆಯನ್ನೂ ಆಕಾಶವನ್ನೂ ನೋಡಿದ. ಮಳೆ ಬಿದ್ದರೆ ಇಡೀ ವಾರದ ಕೆಲಸ ನೀರುಪಾಲು. ಬಾರದ ಮಳೆಗೆ ಹೆದರಿ ಅರ್ಧ ಒಣಗಿದ್ದನ್ನು ರಾಶಿ ಮಾಡಿ ಮುಚ್ಚಿದರೆ ಬೂಷ್ಟು ಹಿಡಿಯುತ್ತದೆ. ಕೇಳಿ ತಿಳಿಯಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

"ಈಗ ಮಳೆ ಬತ್ತದಾ?" ಎಂದು ಪುಟ್ಟಪ್ಪ ಫೋನಿಗೆ ಕೇಳಿದ.

"ದಯವಿಟ್ಟು ಇನ್ನೊಮ್ಮೆ ಹೇಳಿ" ಎಂದಿತು ಮುಗಿಲು.

ಅವನು ಶೃಂಗೇರಿಗೆ ಕೇಳುವ ಹಾಗೆ ಕೂಗಿದ. ದಯವಿಟ್ಟು ಇನ್ನೊಮ್ಮೆ ಹೇಳಿ. ಗಜಾನನ ಮಾವ ಫೋನ್ ಕಸಿದುಕೊಂಡು ಅರ್ಥಗಾರಿಕೆಯ ಗಂಭೀರ ಕಂಠದಲ್ಲಿ "ವರ್ಷಧಾರೆಯಾಗುವ ಸಂಭವ ಉಂಟೋ ಹೇಗೆ" ಎಂದು ವಿಚಾರಿಸಿದರು. ದಯವಿಟ್ಟು ಇನ್ನೊಮ್ಮೆ ಹೇಳಿ. ಅಂಗಳದಲ್ಲಿದ್ದವರೆಲ್ಲ ತಮ್ಮ ತಮ್ಮ ಫೋನಿಗೆ ಕೇಳಿದರು. ಎಲ್ಲ ಫೋನುಗಳೂ ಅದನ್ನೇ ಬೇಡಿಕೊಂಡವು. ಪಕ್ಷಪಾತವಿಲ್ಲದೆ ಅದು ಯಾರ ಮಾತನ್ನೂ ತಿಳಿದುಕೊಳ್ಳಲಿಲ್ಲ.

ಮೇಡಂ ಮುಖ ಬಾಡಿತು. "ಹೀಗಾಗಬಾರದಲ್ಲ. ನಿಮ್ಮದೇ ದನಿಯಲ್ವಾ?"

ಯಜ್ಞೇಶನಿಗೆ ಗೊತ್ತಿತ್ತು. ಅಟ್ಟದ ಮೇಲೆ ಆಡಿದ ಹಾಗೆ ಈಗ ಒಂದು ಮಾತು ಆಡಿದರೆ ಯಂತ್ರ ಉತ್ತರ ಹೇಳುತ್ತದೆ, ಪುಟ್ಟಪ್ಪನ ಅಡಿಕೆ ಉಳಿಯುತ್ತದೆ. ಆದರೆ ಮೇಡಂ ಎದುರಿಗೆ ತಾನು ಉಳಿಯುವುದಿಲ್ಲ. ಆಡಬೇಕು ಎಂದುಕೊಂಡ. ಬಾಯಿ ತೆರೆದ. ಮೇಡಂ ಅವನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದ. ಮೋಡ ಇನ್ನಷ್ಟು ಕೆಳಗಿಳಿಯಿತು.

ಅಷ್ಟರಲ್ಲಿ ಯಮುನಮ್ಮ ಕೈ ಒರೆಸಿಕೊಂಡು ಎದ್ದಳು. ಗಂಡನ ಕೈಯಿಂದ ಫೋನ್ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿದಳು. ಎರಡೂ ತುಟಿಗಳನ್ನು ಹಲ್ಲಿನ ಮೇಲೆ ಒಳಕ್ಕೆ ಎಳೆದುಕೊಂಡು, ಸ್ಪೀಕರಿನಲ್ಲಿ ಕೇಳಿದ್ದನ್ನು ಹಾಗೇ ಒಪ್ಪಿಸಿದಳು.

"ಮಯೆ ಬತ್ತತಾ ಮಗಾ? ಅತಿಕೆ ಅಂಗಯತಲ್ಲೇ ಉಂತು."

"ಮೆಣಸೆಯಲ್ಲಿ ಇನ್ನು ಇಪ್ಪತ್ತು ನಿಮಿಷದೊಳಗೆ ಜೋರು ಮಳೆಯಾಗಲಿದೆ" ಎಂದಿತು ಮುಗಿಲು.

ಅಂಗಳಕ್ಕೆ ಅಂಗಳವೇ ಎದ್ದಿತು. ಬುಟ್ಟಿ, ಗೋಣಿ, ಟಾರ್ಪಾಲು, ಸಿಕ್ಕಿದ್ದನ್ನು ಹಿಡಿದು ಎಲ್ಲರೂ ಬಾಚಿದರು, ಮೇಡಂ ಕೂಡ ಸೀರೆ ಎತ್ತಿಕಟ್ಟಿ ಬಾಚಿದರು. ಕೊನೆಯ ಬುಟ್ಟಿ ಕೊಟ್ಟಿಗೆಯ ಮಾಡಿನ ಕೆಳಗೆ ಬರುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು.

ಮಾಡಿನ ಕೆಳಗೆ ನಿಂತವರಿಗೆ ಗುಟ್ಟು ತಿಳಿದುಹೋಗಿತ್ತು. ಪುಟ್ಟಪ್ಪ ಮೂರು ಸಲ ಗಂಟಲು ಕೆರೆದು ಕೇಳಿದ, ಉತ್ತರ ಬಂತು. ಗಜಾನನ ಮಾವ ಅತ್ತಿತ್ತ ನೋಡಿ, ಎರಡು ಬೆರಳಲ್ಲಿ ಮೂಗು ಹಿಡಿದು ಕೇಳಿ ಸೀನಿದರು. "ಸಂಜೆ ನಾಲ್ಕಕ್ಕೆ ಬಿಡುವು ಕೊಡಲಿದೆ" ಎಂದಿತು. ಉಳಿದವರು ಮೇಡಂಗೆ ಕೇಳದಂತೆ ಮೆಲ್ಲಗೆ ಯಜ್ಞೇಶನನ್ನು ಮೂಲೆಗೆ ಒತ್ತಿದರು.

"ನಂದು ಹೆಂಗೆ ಮಾಡಿದ್ದೆ, ಒಂಚೂರು ಹೇಳ್ಕೊಡಾ."

ಹೇಳಿಕೊಡದೆ ವಿಧಿಯಿರಲಿಲ್ಲ. ಒಬ್ಬೊಬ್ಬರ ಕಣ್ಣು ತಪ್ಪಿಸಿ, "ನೀವು ಸ್ವಲ್ಪ ಕೀರಲು ಮಾಡ್ಬೇಕು", "ನೀವು ಬಾಯಲ್ಲಿ ಎಲೆಅಡಿಕೆ ಇಟ್ಕಂಡಂಗೆ", "ನೀವು... ನೀವು ಸ್ವಲ್ಪ ದಡ್ಡರ ಹಂಗೆ" ಎಂದು ಹೇಳಿಕೊಟ್ಟ. ಅವರು ಬೇಸರಿಸದೆ, ಕಲಿಯುವ ಮಕ್ಕಳ ಹಾಗೆ, ತಪ್ಪಿದರೆ ಮತ್ತೆ ಕೇಳಿ ಕಲಿತರು. ಬೆವರೆಲ್ಲ ಯಜ್ಞೇಶನದ್ದು. ಕಂಬಳಿಯ ಒಳಗೂ ಅವನು ಇಷ್ಟು ಬೆವರಿರಲಿಲ್ಲ.

ನಾಲ್ಕಕ್ಕೆ ಮಳೆ ಬಿಟ್ಟಿತು. ಮೇಡಂ ಕಾರು ಹತ್ತುವಾಗ ಅವನು ಓಡಿಹೋಗಿ ಬಾಗಿಲು ಹಿಡಿದುಕೊಂಡ. ಈ ಸಲ ಗಜಾನನ ಮಾವ ದೂರದಲ್ಲಿದ್ದರು, ಅಡ್ಡ ಬರುವವರು ಯಾರೂ ಇರಲಿಲ್ಲ.

"ಮೇಡಂ, ಹನ್ನೆರಡೂ ದನಿ ನಂದೇ. ನಾನೊಬ್ಬನೇ ಅಟ್ಟದಲ್ಲಿ ಕೂತು ಮಾಡಿದ್ದು. ಇವರ್ಯಾರೂ ಹಾಗೆ ಮಾತಾಡಲ್ಲ. ನಂಗೆ ಸರ್ಟಿಫಿಕೇಟ್ ಬೇಡ."

ಮೇಡಂ ಮುಗುಳ್ನಕ್ಕರು. "ಹೊಗಳಿದರೆ ಸಂಕೋಚ ಆಗುತ್ತೆ, ಗೊತ್ತು. ಆದ್ರೆ ನಾನೇ ಕಿವಿಯಾರೆ ಕೇಳಿದೆನಲ್ಲ ಯಜ್ಞೇಶ್. ಒಬ್ಬೊಬ್ಬರೂ ಅದೇ ದನಿಯಲ್ಲಿ ಮಾತಾಡಿದರು, ಯಂತ್ರ ಅವರನ್ನ ಗುರುತು ಹಿಡಿದು ಉತ್ತರ ಕೊಡ್ತು."

"ಇಲ್ಲ ಮೇಡಂ, ನೋಡಿ ಬೇಕಾದ್ರೆ." ಅವನು ತುಟಿ ಒಳಗೆ ಎಳೆದುಕೊಂಡು, ಅಟ್ಟದ ಮೇಲೆ ಮಾಡಿದ್ದಕ್ಕಿಂತ ಚೆನ್ನಾಗಿ, ಯಮುನಮ್ಮನ ಮಾತನ್ನು ಒಪ್ಪಿಸಿದ.

ಮೇಡಂ ಮುಖದ ನಗು ಸ್ವಲ್ಪ ಮಾಸಿತು. "ಮಿಮಿಕ್ರಿ ಬರುತ್ತೆ ನಿಮಗೆ. ಆದ್ರೆ ಯಮುನಮ್ಮನ ಹಾಗೆ ಬರಲಿಲ್ಲ, ಅವರದ್ದು ಸಹಜವಾಗಿ ಬರುತ್ತೆ." ಕಾರಿನ ಬಾಗಿಲು ಎಳೆದುಕೊಳ್ಳುತ್ತ ತಗ್ಗಿದ ದನಿಯಲ್ಲಿ ಸೇರಿಸಿದರು. "ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಫೋನ್ ಕಂಡ್ರೆ ಅವರ ಬಾಯಿ ಹಾಗಾಗುತ್ತೆ, ಅದನ್ನ ಅಣಕಿಸಬಾರದು. ಎಷ್ಟು ಒಳ್ಳೆ ಹೆಂಗಸು ಅವರು."

ಯಜ್ಞೇಶ ತಲೆ ಬಗ್ಗಿಸಿದ. ಇಡೀ ದಿನದಲ್ಲಿ ಅವನಿಗೆ ಸಿಕ್ಕ ಒಂದೇ ಬೈಗುಳ ಅದು. ಅದೂ ಸರಿಯಾದ ತಪ್ಪಿಗೆ, ಪೂರ್ತಿ ತಪ್ಪಾದ ಕಾರಣಕ್ಕೆ.

"ಅಂದ ಹಾಗೆ ನಿಮ್ಮ ಇಂಟರ್ನ್‌ಶಿಪ್ ಒಂದು ವರ್ಷ ಮುಂದುವರಿಸಿದ್ದೀವಿ. ಯಂತ್ರಕ್ಕೆ ಅರ್ಥ ಆಗೋ ಹಾಗೆ ಮಾತಾಡೋದನ್ನ ಮೂರು ತಾಲ್ಲೂಕಿನವರಿಗೂ ನೀವೇ ಕಲಿಸ್ಬೇಕು." ಕಾರು ಕೊಪ್ಪದ ಕಡೆ ಹೊರಟುಹೋಯಿತು.

ಅವನು ನೇರ ಪುಟ್ಟಪ್ಪನ ಮನೆಗೆ ನಡೆದ. ಅಂಗಳ ಖಾಲಿಯಾಗಿತ್ತು. ಯಮುನಮ್ಮ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಕಬ್ಬಿನ ತುಂಡೊಂದನ್ನು ಹಲ್ಲಿನಿಂದ ಸಿಗಿಯುತ್ತಿದ್ದಳು. ಆ ಹಲ್ಲುಗಳನ್ನು ನೋಡಲಾರದೆ ಅವನು ಅವಳ ಕಾಲಿನ ಕಡೆ ನೋಡಿದ.

"ನನ್ನಿಂದ ತಪ್ಪಾತು ಯಮುನಮ್ಮ."

"ಹೋಗ್ಲಿ ಬಿಡು ಮಾಣಿ. ಅಡಿಕೆ ಉಳೀತಲ." ಅವಳು ಕಬ್ಬಿನ ಜಲ್ಲೆಯನ್ನು ಮುರಿದು ಅರ್ಧ ಅವನ ಕೈಗಿಟ್ಟಳು. "ಬಾ, ಕೂತ್ಕ. ನಾಳಿನದು ಒಂದು ಕೇಳ್ಬೇಕಿತ್ತು, ಆವಾಗಿಂದ ನೋಡ್ತಾ ಇದೀನಿ, ಸಮ ಆಗ್ತಾ ಇಲ್ಲ."

ಬಾಯಿ ಒರೆಸಿಕೊಂಡು ಫೋನ್ ಎತ್ತಿದಳು. ತುಟಿಗಳನ್ನು ಹಲ್ಲಿನ ಮೇಲೆ ಮಡಿಸಿಕೊಂಡಳು. ಗುಳಿ ಬಿದ್ದ ಕೆನ್ನೆಯಲ್ಲಿ ಅವಳು ಒಮ್ಮೆಗೇ ಮುದುಕಿಯಾದಳು. "ನಾಯೆ ಮಯೆ ಬತ್ತತಾ ಮಗಾ?"

"ದಯವಿಟ್ಟು ಇನ್ನೊಮ್ಮೆ ಹೇಳಿ."

ಅವಳು ಫೋನನ್ನು ಮಡಿಲಿಗೆ ಹಾಕಿ, ನಿಜವಾದ ಚಿಂತೆಯಿಂದ ಅವನ ಮುಖ ನೋಡಿದಳು.

"ಎಲ್ಲಿ ತಪ್ತಾ ಇದೆ ನೋಡಾ ಮಾಣಿ. ಸರಿಯಾಗಿ ಯಮುನಮ್ಮನ ಹಂಗೇ ಮಾತಾಡ್ತಾ ಇದೀನಿ, ಅಲ್ಲನಾ?"

ಯಜ್ಞೇಶ ಕಬ್ಬನ್ನು ಪಕ್ಕಕ್ಕಿಟ್ಟು, ನೆಲ ನೋಡುತ್ತ, ತುಟಿ ಒಳಗೆ ಎಳೆದುಕೊಂಡು ತೋರಿಸಿದ.